ಗುಳ್ಳೆಯ ಲೆಕ್ಕ, ಕರಗಿದ ಲೆಕ್ಕ ಮತ್ತು ಹರಿಕಂತ್ರನ ಬಲಭುಜ

ಮನುಷ್ಯನ ದೇಹದೊಳಗೆ ಯಾವ ಕ್ಷಣದಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಲೆಕ್ಕ ಹಾಕಿ ನಿಖರವಾಗಿ ಹೇಳಬಲ್ಲ ಕಾಲಕ್ಕೆ ನಾವು ಬಂದು ತಲುಪಿದ್ದೇವೆ. ನನ್ನ ಮಟ್ಟಿಗೆ ಹೇಳುವುದಾದರೆ, ಮಧ್ಯಾಹ್ನದ ಊಟವಾದ ಮೇಲೆ ನನ್ನ ದೇಹದೊಳಗೆ ಏನು ನಡೆಯುತ್ತದೆ ಎಂಬುದೇ ಇಷ್ಟು ವಯಸ್ಸಾದರೂ ನನಗೆ ಗೊತ್ತಾಗಿಲ್ಲ. ಆದರೂ ಮೂವತ್ತು ವರ್ಷ ಇನ್ನೊಬ್ಬರ ದೇಹದ ಲೆಕ್ಕ ಹಾಕುವ ಕೆಲಸ ಮಾಡಿ, ಈಗ ಅದಕ್ಕಾಗಿ ಪಿಂಚಣಿ ಪಡೆಯುತ್ತಿದ್ದೇನೆ.

ಕೆಲಸ ಡೈವಿಂಗ್ ಮೇಲ್ವಿಚಾರಣೆ, ಊರು ನಾಗಪುರ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳಿದವರು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಲು ಒಂದು ರಾತ್ರಿಯ ರೈಲು ಪ್ರಯಾಣ ಬೇಕು. ಮದುವೆಯ ಮಾತುಕತೆಗೆಂದು ಧಾರವಾಡಕ್ಕೆ ಹೋದಾಗ ನನ್ನ ಮಾವನಾಗಲಿದ್ದವರು ಕೇಳಿದ್ದರು: "ಮುಳುಗೋ ನೌಕರಿ ಅಂತೀರಿ, ನಾಗಪುರ ಅಂತೀರಿ. ಅಲ್ಲೆ ಎದರಾಗ ಮುಳುಗ್ತೀರಿ? ಸಂತ್ರಾ ರಸದಾಗೇನು?" ನಾಗಪುರದ ಸುತ್ತ ಕಿತ್ತಳೆ ತೋಟಗಳಷ್ಟೇ ಅಲ್ಲ, ಅಣೆಕಟ್ಟುಗಳಿವೆ, ಉಷ್ಣ ವಿದ್ಯುತ್ ಕೇಂದ್ರಗಳ ನೀರೆಳೆಯುವ ಗೋಪುರಗಳಿವೆ, ಕಲ್ಲಿದ್ದಲು ತೆಗೆದು ಬಿಟ್ಟಮೇಲೆ ನೀರು ತುಂಬಿಕೊಂಡ ಗಣಿಗಳಿವೆ ಎಂದು ವಿವರಿಸಿದೆ. ಅವುಗಳ ತಳದಲ್ಲಿರುವ ಗೇಟು, ಜಾಲರಿ, ಬಿರುಕು ಇವನ್ನು ಯಾರಾದರೂ ಇಳಿದು ನೋಡಲೇಬೇಕು. ಅವರು ಒಪ್ಪಿದರೋ, ಮಗಳಿಗೆ ಬೇರೆ ವರ ಸಿಗಲಿಲ್ಲವೋ, ಮದುವೆಯಂತೂ ಆಯಿತು.

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಈಗಲೂ ಧರಮಪೇಠದ ನಮ್ಮ ಮನೆಗೆ ಬಂದು ಕೇಳುವುದು ಒಂದೇ ಪ್ರಶ್ನೆ: "ಸರ್, ಯಾವ ಡೈವ್ ಕಂಪ್ಯೂಟರ್ ಒಳ್ಳೆಯದು? ಯಾವ ಅಲ್ಗಾರಿದಮ್?" ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಂದ ಬಡ್ತಿಗಳ ವಿಷಯ ಬಿಟ್ಟಿದ್ದೇನೆ. ಅವು ತಮ್ಮ ಪಾಡಿಗೆ ಬಂದವು, ನಾನು ತಡೆಯಲಿಲ್ಲ. ಸಂಸ್ಥೆಯ ಹೆಸರನ್ನೂ ಬರೆಯುವುದಿಲ್ಲ. ಅದರ ಹೆಸರಿಗೆ ನಾನು ಮಾಡಿದ್ದು ಸಾಕು.

ಮೊದಲು ತೊಂದರೆ ಏನೆಂದು ಹೇಳಿಬಿಡುತ್ತೇನೆ. ನೀರಿನಲ್ಲಿ ಆಳಕ್ಕೆ ಹೋದಂತೆ ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯೊಳಗಿನ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಅವಸರದಿಂದ ಮೇಲೆ ಬಂದರೆ ಅದು ಗುಳ್ಳೆಗಳಾಗಿ ಹೊರಡುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ, ನನಗೆ ಬೇರೆ ಉದಾಹರಣೆ ಗೊತ್ತಿಲ್ಲ. ಗುಳ್ಳೆ ಕೀಲಿನಲ್ಲಿ ಕೂತರೆ ನೋವು, ಬೆನ್ನುಹುರಿಯಲ್ಲಿ ಕೂತರೆ ಕಾಲು ಹೋಗುತ್ತದೆ. ಈ ಕಾಯಿಲೆಗೆ ನಮ್ಮಲ್ಲಿ ಬೆಂಡ್ಸ್ ಎನ್ನುತ್ತಾರೆ. ತಪ್ಪಿಸುವ ಉಪಾಯ ಒಂದೇ: ಮೇಲೆ ಬರುವಾಗ ಅಲ್ಲಲ್ಲಿ ಹಗ್ಗ ಹಿಡಿದು ನಿಲ್ಲುವುದು. ಎಷ್ಟು ಆಳದಲ್ಲಿ, ಎಷ್ಟು ಹೊತ್ತು ನಿಲ್ಲಬೇಕು? ಇಡೀ ಶಾಸ್ತ್ರ ಇರುವುದು ಇಷ್ಟಕ್ಕೇ.

ನಾನು ಸೇರಿದಾಗ ಈ ಶಾಸ್ತ್ರ ಒಂದು ಕೋಷ್ಟಕದ ರೂಪದಲ್ಲಿ ಕಿಸೆಯಲ್ಲಿ ಇರುತ್ತಿತ್ತು. ಎಡಗಡೆ ಆಳ, ಮೇಲ್ಗಡೆ ನಿಮಿಷ, ಎರಡೂ ಸೇರುವ ಮನೆಯಲ್ಲಿ ನಿಲುಗಡೆ. ನಮ್ಮ ಆಗಿನ ಮೇಲ್ವಿಚಾರಕರು ಪಿಳ್ಳೈ ಸಾಹೇಬರು, ನೌಕಾಪಡೆಯಿಂದ ನಿವೃತ್ತರಾಗಿ ಬಂದವರು. ಇಪ್ಪತ್ತೆರಡು ಮೀಟರ್ ಹೋಗಿದ್ದರೆ ಇಪ್ಪತ್ತನಾಲ್ಕರ ಸಾಲು ನೋಡುತ್ತಿದ್ದರು; ನೀರು ತಣ್ಣಗಿದ್ದರೆ ಇಪ್ಪತ್ತೇಳರದ್ದು; ಡೈವರ್ ಹಿಂದಿನ ದಿನ ಮದುವೆಯ ಊಟ ಮಾಡಿ ಬಂದಿದ್ದರೆ ಅದಕ್ಕೂ ಒಂದು ಸಾಲು ಕೆಳಗೆ ಇಳಿಯುತ್ತಿದ್ದರು. ಅವರ ಕೈಕೆಳಗೆ ಯಾರಿಗೂ ಬೆಂಡ್ಸ್ ಬರಲಿಲ್ಲ. ನೆಗಡಿ ಎಲ್ಲರಿಗೂ ಬಂತು.

ಆ ಕೋಷ್ಟಕ ನೀರಿನಲ್ಲಿ ನೆನೆದು ಹಾಳಾಗುತ್ತಿದ್ದುದರಿಂದ, ಒಂದು ಸಲ ಅದನ್ನು ಲ್ಯಾಮಿನೇಷನ್ ಮಾಡಿಸಿ ತರುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಮೂಲೆಗಳನ್ನು ಅಂದವಾಗಿ ದುಂಡಗೆ ಕತ್ತರಿಸಿ ಕೊಡಲಾಯಿತು. ಅಂದದ ಭರದಲ್ಲಿ ಕೆಳಗಿನ ಎರಡು ಸಾಲುಗಳು ಹೋಗಿದ್ದವು. ಹೀಗಾಗಿ ಆರು ತಿಂಗಳ ಕಾಲ ನಮ್ಮ ತಂಡದ ಮಟ್ಟಿಗೆ ಮೂವತ್ತಾರು ಮೀಟರಿಗಿಂತ ಆಳ ಎಂಬುದು ಜಗತ್ತಿನಲ್ಲೇ ಇರಲಿಲ್ಲ. ಯಾರೂ ಗಮನಿಸಲಿಲ್ಲ, ಯಾಕೆಂದರೆ ಯಾರೂ ಅಷ್ಟು ಆಳಕ್ಕೆ ಹೋಗಲಿಲ್ಲ. ನನ್ನ ತಪ್ಪುಗಳಲ್ಲಿ ಯಾರಿಗೂ ತೊಂದರೆ ಕೊಡದ ತಪ್ಪು ಅದೊಂದೇ.

ಪಿಳ್ಳೈ ಸಾಹೇಬರು ನಿವೃತ್ತರಾಗುವಾಗ ಎರಡು ವಿಷಯ ಬಿಟ್ಟುಹೋದರು. ಒಂದು, ಅವರ ಕುರ್ಚಿ. ಅದರಲ್ಲಿ ನಾನು ಕೂತೆ. ಇನ್ನೊಂದು, ಉಗ್ರಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಹಿಂದಿ ಆಜ್ಞೆ, ಕನ್ನಡದಲ್ಲಿ ಹೇಳುವುದಾದರೆ: 'ಬಳಸಿದ್ದು ಚಾರ್ಜಿಗೆ, ತುಂಬಿದ್ದು ಕೈಗೆ.' ಇದು ನೀರೊಳಗಿನ ಟಾರ್ಚುಗಳ ಬಗ್ಗೆ. ಬೆಳಿಗ್ಗೆ ಬಳಸಿದ ಟಾರ್ಚನ್ನು ಊಟದ ಹೊತ್ತಿಗೆ ಚಾರ್ಜಿಗೆ ಹಾಕಬೇಕು, ಮಧ್ಯಾಹ್ನ ಇನ್ನೊಂದನ್ನು ತೆಗೆದುಕೊಳ್ಳಬೇಕು. ಕತ್ತಲ ಗೇಟಿನ ಸಂದಿಯಲ್ಲಿ ಟಾರ್ಚ್ ಆರಿದವನಿಗೆ ಮಾತ್ರ ಈ ಆಜ್ಞೆಯ ಬೆಲೆ ಗೊತ್ತು. ನಮ್ಮ ತಂಡದವರು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಿದ್ದರು.

ಆಮೇಲೆ ಕಂಪ್ಯೂಟರ್‌ಗಳು ಬಂದವು. ದೊಡ್ಡ ಕೈಗಡಿಯಾರದಂತಹ ವಸ್ತು. ಮಣಿಕಟ್ಟಿಗೆ ಕಟ್ಟಿಕೊಂಡು ಇಳಿದರೆ ತಾನೇ ಆಳ ನೋಡುತ್ತದೆ, ತಾನೇ ಸಮಯ ಎಣಿಸುತ್ತದೆ, ಎಲ್ಲಿ ನಿಲ್ಲಬೇಕೆಂದು ತಾನೇ ಹೇಳುತ್ತದೆ. ಪರೀಕ್ಷೆಗೆಂದು ನಮಗೆ ಬಂದದ್ದು ಮೂರು, ಇಬ್ಬರು ಬೇರೆ ಬೇರೆ ತಯಾರಕರದ್ದು. ಮೊದಲನೆಯ ತಯಾರಕರದ್ದು ಒಂದು. ಅದರ ಲೆಕ್ಕ ಹಳೆಯ ಕೋಷ್ಟಕದ ಮೊಮ್ಮಗ ಇದ್ದಂತೆ: ದೇಹವೆಂದರೆ ಹಲವು ಕೋಣೆಗಳು, ಕೆಲವು ಬೇಗ ತುಂಬಿ ಬೇಗ ಖಾಲಿಯಾಗುತ್ತವೆ, ಕೆಲವು ನಿಧಾನ, ಯಾವ ಕೋಣೆಯಲ್ಲಿ ಎಷ್ಟು ಸಾರಜನಕ ಕರಗಿದೆ ಎಂದು ನೋಡಿ ನಿಲ್ಲಿಸುವುದು. ಇದನ್ನು ನಾವು 'ಕರಗಿದ ಲೆಕ್ಕ' ಎಂದೆವು. ಎರಡನೆಯ ತಯಾರಕರದ್ದು ಎರಡು. ಅವುಗಳ ಪ್ರಕಾರ ದೇಹದಲ್ಲಿ ಕಣ್ಣಿಗೆ ಕಾಣದ ಗುಳ್ಳೆಗಳು ಮೊದಲೇ ಇರುತ್ತವೆ, ಅವು ದೊಡ್ಡವಾಗದಂತೆ ನೋಡಿಕೊಂಡರಾಯಿತು; ಅದಕ್ಕಾಗಿ ಸ್ವಲ್ಪ ಆಳದಲ್ಲೇ ನಿಲ್ಲಿಸುವುದು. ಇದು 'ಗುಳ್ಳೆಯ ಲೆಕ್ಕ'. ಕರಗಿದ ಲೆಕ್ಕದ ಯಂತ್ರಕ್ಕೆ ಗುಂಡಿ ಸೆಲ್ಲು, ವರ್ಷಕ್ಕೊಮ್ಮೆ ಬದಲಾಯಿಸಿದರೆ ಸಾಕು. ಗುಳ್ಳೆಯ ಲೆಕ್ಕದ ಯಂತ್ರಗಳನ್ನು ಚಾರ್ಜ್ ಮಾಡಬೇಕು. ಈ ಕೊನೆಯ ವಿವರವನ್ನು ನಾನು ಆಗ ಮುಖ್ಯವೆಂದು ತಿಳಿಯಲಿಲ್ಲ.

ನಮ್ಮ ಕಾರ್ಯನಿರ್ವಾಹಕ ಎಂಜಿನಿಯರರು ವಾಂಖೆಡೆ ಸಾಹೇಬರು. ಸಿವಿಲ್ ಲೈನ್ಸ್‌ನ ಕಚೇರಿಯಲ್ಲಿ ಕೂತು ನನ್ನನ್ನು ಕರೆಸಿ, "ಹಿರೇಮಠ್ ಜೀ, ದೋನೋ ಕಾ ಮುಕಾಬಲಾ ಕರೋ. ಜೋ ಅಚ್ಛಾ, ವಹೀ ಸಬ್ ಜಗಹ್" ಎಂದರು. ಎರಡನ್ನೂ ಹೋಲಿಸಿ ನೋಡಿ, ಉತ್ತಮವಾದದ್ದನ್ನೇ ಎಲ್ಲ ಕಡೆಗೂ ತರಿಸೋಣ ಎಂಬುದು ಆದೇಶ. ನಾನು ಒಂದು ಸಮಿತಿ ರಚಿಸಿದೆ. ಅಧ್ಯಕ್ಷ ನಾನು, ಸದಸ್ಯನೂ ನಾನೇ. ಮೊದಲ ಸಭೆಯಲ್ಲಿ ಯಾವ ಭಿನ್ನಾಭಿಪ್ರಾಯವೂ ಬರಲಿಲ್ಲ.

ಮೊದಲು ದಡದ ಮೇಲೇ ಪರೀಕ್ಷಿಸೋಣ ಎಂದು ದಪ್ಪ ಉಕ್ಕಿನ ಒಂದು ಪಾತ್ರೆ ಮಾಡಿಸಿದೆ. ಕಳಮನಾ ಮಾರುಕಟ್ಟೆಯ ಹಿಂದೆ ಕಿತ್ತಳೆ ರಸದ ಕಾರ್ಖಾನೆಗಳಿಗೆ ಪಾತ್ರೆ ಬೆಸೆದುಕೊಡುವ ಒಬ್ಬ ಮಿಸ್ತ್ರಿ ಇದ್ದ. ಒಳಗೆ ನೀರು ತುಂಬಬೇಕು, ಕೈಪಂಪಿನಿಂದ ಒತ್ತಡ ಏರಿಸಬೇಕು, ನೋಡಲು ಒಂದು ಕಿಟಕಿ ಬೇಕು ಎಂದೆ. ಏನು ಹಾಕುತ್ತೀರಿ ಎಂದ. ಮೂರು ಗಡಿಯಾರ ಎಂದೆ. ಆತ ಬೆಸೆಯುವ ಕನ್ನಡಕವನ್ನು ಹಣೆಯ ಮೇಲೆ ಏರಿಸಿ, "ಘಡೀ ಉಬಾಲೋಗೇ ಕ್ಯಾ ಸಾಬ್?" ಎಂದು ಕೇಳಿದ. ಗಡಿಯಾರ ಬೇಯಿಸುವ ಉದ್ದೇಶ ನನಗಿರಲಿಲ್ಲ. ಆದರೆ ಮೊದಲ ದಿನ ಹೆಚ್ಚು ಕಡಿಮೆ ಅದೇ ಆಯಿತು. ಮೂವತ್ತು ಮೀಟರ್ ಆಳದಷ್ಟು ಒತ್ತಡದಲ್ಲಿ ಮುಕ್ಕಾಲು ಗಂಟೆ ಇಟ್ಟು, ಸಿಲಿಂಡರ್ ಪರೀಕ್ಷೆಯ ಅಭ್ಯಾಸಬಲದಿಂದ ಕವಾಟವನ್ನು ಒಂದೇ ಸಲ ತಿರುವಿಬಿಟ್ಟೆ. ಮೂವತ್ತು ಮೀಟರಿನಿಂದ ಮೇಲಕ್ಕೆ ಒಂದು ಕ್ಷಣದಲ್ಲಿ. ಮೂರೂ ಯಂತ್ರಗಳು ಒಟ್ಟಿಗೆ ಕಿರುಚಿಕೊಂಡು, ತಮ್ಮನ್ನು ಕಟ್ಟಿಕೊಂಡವನು ಬದುಕಿರುವ ಬಗ್ಗೆ ಅನುಮಾನಪಟ್ಟು, ಎರಡು ದಿನ ಯಾವ ಲೆಕ್ಕವನ್ನೂ ಹೇಳುವುದಿಲ್ಲವೆಂದು ಬೀಗ ಹಾಕಿಕೊಂಡವು. ಸಮಿತಿ ಆ ಎರಡು ದಿನ ರಜೆ ಹಾಕಿತು.

ಆಮೇಲೆ ನಿಧಾನವಾಗಿ ಒತ್ತಡ ಇಳಿಸುವುದನ್ನು ಕಲಿತೆ. ಪಾತ್ರೆಯೊಳಗಿನ ಪರೀಕ್ಷೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಗುಳ್ಳೆಯ ಲೆಕ್ಕ ಸ್ವಲ್ಪ ಕೆಳಗೆ ನಿಲ್ಲಿಸುತ್ತಿತ್ತು, ಕರಗಿದ ಲೆಕ್ಕ ಮೇಲೆ ಹೆಚ್ಚು ಹೊತ್ತು ನಿಲ್ಲಿಸುತ್ತಿತ್ತು. ಕೂಡಿಸಿದರೆ ಒಂದೆರಡು ನಿಮಿಷದ ಅಂತರ. ಒಂದೇ ದಿನದಲ್ಲಿ ಎರಡು ಸಲ ಮುಳುಗಿದರೆ ಏನಾಗುತ್ತದೆ ಎಂಬುದನ್ನು ಪಾತ್ರೆಯಲ್ಲಿ ನೋಡಲಿಲ್ಲ. ಮೊದಲನೆಯದು ಮುಗಿಯುವ ಹೊತ್ತಿಗೆ ಚಹಾದ ಸಮಯವಾಗುತ್ತಿತ್ತು. ಅದನ್ನು ನಿಜವಾದ ನೀರಿನಲ್ಲೇ ನೋಡೋಣವೆಂದು ಬಿಟ್ಟೆ.

ನಿಜವಾದ ನೀರಿಗೆ ಇಳಿಯುವವನು ಈಶ್ವರ ಹರಿಕಂತ್ರ. ಕಾರವಾರದ ಕಡೆಯ ಮೀನುಗಾರರ ಮನೆಯವನು. ನಾನು ಧಾರವಾಡದವನು. ಇಬ್ಬರೂ ಕನ್ನಡವೆಂದೇ ನಂಬಿದ್ದ ಎರಡು ಭಾಷೆಗಳಲ್ಲಿ ಮಾತಾಡಿಕೊಂಡು ಹದಿನಾಲ್ಕು ವರ್ಷ ಚೆನ್ನಾಗಿಯೇ ಇದ್ದೆವು. ಮಣ್ಣುನೀರಿನಲ್ಲಿ ಕಣ್ಣು ಕಾಣದಿದ್ದರೂ ಗೇಟಿನ ರಬ್ಬರನ್ನು ಬೆರಳಲ್ಲಿ ಸವರಿ ಎಲ್ಲಿ ಹರಿದಿದೆ ಎಂದು ಹೇಳುವವನು ಆತ. ಎರಡು ತಿಂಗಳು ಆತನ ಎಡ ಮಣಿಕಟ್ಟಿಗೆ ಕರಗಿದ ಲೆಕ್ಕ, ಬಲ ಮಣಿಕಟ್ಟಿಗೆ ಗುಳ್ಳೆಯ ಲೆಕ್ಕ ಕಟ್ಟಿ ಇಳಿಸಿದೆ. ಎರಡರಲ್ಲಿ ಯಾವುದು ಹೆಚ್ಚು ನಿಲ್ಲು ಎನ್ನುತ್ತದೋ ಅದನ್ನೇ ಕೇಳಬೇಕು ಎಂಬುದು ನಿಯಮ.

"ಒಂದು ಕೈ ಮೇಲೆ ಹತ್ತು ಅಂತದೆ, ಇನ್ನೊಂದು ಕೈ ನಿಲ್ಲು ಅಂತದೆ," ಎನ್ನುತ್ತಿದ್ದ ಮೇಲೆ ಬಂದು. "ಮನೆಯಲ್ಲಿ ಅಮ್ಮಂದು ಹೆಂಡ್ತಿದು ನಡುವೆ ಇದ್ದ ಹಾಗೇ ಆಯ್ತು ಸಾಹೇಬ್ರೆ."

"ಮನಿಯಾಗ ಯಾರ ಮಾತ ಕೇಳ್ತಿ?"

"ಯಾರು ಹೆಚ್ಚು ಕೂಗ್ತಾರೋ ಅವರದು."

"ಹಂಗಾರ ಇಲ್ಲೂ ಅದನ್ನ ಮಾಡು."

ಎರಡು ತಿಂಗಳಲ್ಲಿ ಒಂದು ವಿಷಯ ನಿಚ್ಚಳವಾಗಿ ಕಂಡಿತು. ಬೆಳಗಿನ ಡೈವ್‌ನಲ್ಲಿ ಎರಡೂ ಲೆಕ್ಕಗಳು ಹತ್ತಿರ ಹತ್ತಿರ. ಮಧ್ಯಾಹ್ನದ ಡೈವ್‌ನಲ್ಲಿ ಮಾತ್ರ ಕರಗಿದ ಲೆಕ್ಕ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಗುಳ್ಳೆಯ ಲೆಕ್ಕ ಐದೇ ನಿಮಿಷಕ್ಕೆ ಬಿಡುತ್ತಿತ್ತು. ಪ್ರತಿ ದಿನವೂ ಹೀಗೆಯೇ, ಒಂದು ದಿನವೂ ತಪ್ಪದೆ. ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಪ್ರಕೃತಿಯಲ್ಲಿ ಸಿಗುವುದು ಅಪರೂಪ ಎಂದು ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ. ಇಪ್ಪತ್ತಮೂರು ಪುಟಗಳ ವರದಿ ಬರೆದೆ. ಪುನರಾವರ್ತಿತ ಮುಳುಗುವಿಕೆಯಲ್ಲಿ ಗುಳ್ಳೆಯ ಲೆಕ್ಕವು ಕಾಲದ ಗಣನೀಯ ಉಳಿತಾಯವನ್ನು ಸಾಧಿಸುತ್ತದೆ, ಆದ್ದರಿಂದ ಇನ್ನು ಮುಂದೆ ಅದೊಂದನ್ನೇ ಅನುಸರಿಸತಕ್ಕದ್ದು ಎಂದು ಶಿಫಾರಸು ಮಾಡಿದೆ. ಹನ್ನೊಂದು ಪ್ರತಿಗಳು ಹನ್ನೊಂದು ಕಚೇರಿಗಳಿಗೆ ಹೋದವು. ವಾಂಖೆಡೆ ಸಾಹೇಬರು ಸಂತೋಷಪಟ್ಟರು. ವಿದ್ಯುತ್ ಕೇಂದ್ರದವರು ನಮಗಾಗಿ ಪಂಪು ನಿಲ್ಲಿಸಿ ಕಾಯುತ್ತಿದ್ದರಲ್ಲ, ಅವರಿಗೆ ಹದಿನೈದು ನಿಮಿಷವೆಂದರೆ ಹದಿನೈದು ನಿಮಿಷ.

ಕರಗಿದ ಲೆಕ್ಕದ ಯಂತ್ರವನ್ನು ನನ್ನ ಮೇಜಿನ ಖಾನೆಗೆ ಹಾಕಿದೆ.

ಅದಾಗಿ ಮೂರನೆಯ ವಾರ. ನಾಗಪುರದಿಂದ ಎರಡು ಗಂಟೆಯ ದಾರಿಯಲ್ಲಿರುವ ಒಂದು ಜಲಾಶಯ, ನೀರೆಳೆಯುವ ಗೋಪುರದ ಜಾಲರಿ ಬಿಗಿಯುವ ಕೆಲಸ, ಸುಮಾರು ಮೂವತ್ತು ಮೀಟರ್ ಆಳ. ಹರಿಕಂತ್ರ ಬೆಳಿಗ್ಗೆ ಒಮ್ಮೆ ಇಳಿದ, ಊಟ ಮಾಡಿದ, ಮಧ್ಯಾಹ್ನ ಮತ್ತೆ ಇಳಿದ. ಯಂತ್ರ ಹೇಳಿದಷ್ಟು ನಿಂತು ಮೇಲೆ ಬಂದ. ಮುಕ್ಕಾಲು ಗಂಟೆಯಾದ ಮೇಲೆ ಚಹಾ ಬಂತು. ಆತ ಲೋಟವನ್ನು ಎಡಗೈಯಲ್ಲಿ ತೆಗೆದುಕೊಂಡ.

"ಯಾಕೋ ಈಶ್ವರ, ಎಡಗೈಲೆ ಚಹಾ?"

"ಏನಿಲ್ಲ ಸಾಹೇಬ್ರೆ. ಏಣಿ ಹತ್ತುವಾಗ ಜಗ್ಗಿರ್ಬೇಕು. ಬಲಭುಜ ಸ್ವಲ್ಪ ಹಿಡ್ಕಂಡದೆ."

"ಜಗ್ಗಿದಂಗ ಐತೋ, ಒಳಗ ಕೊರದಂಗ ಐತೋ?"

ಆತ ಲೋಟವನ್ನು ಕೆಳಗಿಟ್ಟ. "ಕಂಪ್ಯೂಟರ್ ಏನೂ ಹೇಳಲಿಲ್ಲ ಅಲ್ದಾ ಸಾಹೇಬ್ರೆ?" ಎಂದ.

ಯಂತ್ರ ನೋಡಿದೆ. ಯಾವ ನಿಲುಗಡೆಯೂ ತಪ್ಪಿರಲಿಲ್ಲ, ಮೇಲೆ ಬಂದ ವೇಗವೂ ಸರಿಯಾಗಿತ್ತು. ಎರಡು ದಶಕಗಳ ಅನುಭವವುಳ್ಳ ಮೇಲ್ವಿಚಾರಕನಾದ ನಾನು ಆಗ ಮಾಡಿದ್ದನ್ನು ಹಾಗೆಯೇ ಬರೆಯುತ್ತೇನೆ: ಜೀಪಿನಿಂದ ನೋವಿನ ಮುಲಾಮಿನ ಟ್ಯೂಬ್ ತಂದು ಕೊಟ್ಟೆ. ಪಿಳ್ಳೈ ಸಾಹೇಬರಾಗಿದ್ದರೆ ಭುಜದ ನೋವೆಂದ ಕೂಡಲೇ ಆಕ್ಸಿಜನ್ ಹಾಕುತ್ತಿದ್ದರು, ಕಾರಣವನ್ನು ಆಮೇಲೆ ಕೇಳುತ್ತಿದ್ದರು. ಅವರ ಬಳಿ ಇದ್ದದ್ದು ಕೋಷ್ಟಕ. ನನ್ನ ಬಳಿ ನಾನೇ ಬರೆದ ವರದಿ ಇತ್ತು.

ತಂಡದಲ್ಲಿ ರಶ್ಮಿ ಬಡಿಗೇರ ಎಂಬ ಉಪಕರಣ ಎಂಜಿನಿಯರ್ ಇದ್ದಳು. ತಂದೆ ಬೆಳಗಾವಿ ಕಡೆಯಿಂದ ಇಲ್ಲಿನ ಮದ್ದುಗುಂಡು ಕಾರ್ಖಾನೆಗೆ ವರ್ಗವಾಗಿ ಬಂದವರು; ಅವಳು ಹುಟ್ಟಿದ್ದು, ಓದಿದ್ದು ಎಲ್ಲ ನಾಗಪುರದಲ್ಲೇ. ಕನ್ನಡ ಓದಲು ಬಾರದು, ಮಾತಿನಲ್ಲಿ ಅರ್ಧ ಹಿಂದಿ ಮರಾಠಿ. ಯಂತ್ರದೊಳಗಿನ ದಾಖಲೆಯನ್ನು ಪ್ರತಿ ದಿನ ಲ್ಯಾಪ್‌ಟಾಪಿಗೆ ಇಳಿಸುವುದು ಅವಳ ಕೆಲಸ. ಜೀಪಿನ ಹಿಂದಿನ ಸೀಟಿನಿಂದ ನನ್ನನ್ನು ಕರೆದಳು.

"ಸರ, ಏಕ್ ಮಿನಿಟ್ ಬರ್ರಿ ಇಲ್ಲೆ."

"ಏನವಾ?"

"ಮಧ್ಯಾಹ್ನದ ಡೈವ್ ಬರೋಬರ್ ಐತ್ರಿ. ಆದ್ರ ಇದರಾಗ ಮುಂಜಾನಿದು ಇಲ್ಲ."

"ಮುಂಜಾನಿದು ಇನ್ನೊಂದು ಯಂತ್ರದಾಗ ಇರತದ. ಅದು ಊಟದ ಹೊತ್ತಿಗೆ ಚಾರ್ಜಿಗೆ ಹೋತು. ದಿನಾ ಹಂಗ ಮಾಡ್ತೀವಲ್ಲ."

"ಹೌದ್ರಿ. ಫಿರ್ ಇದಕ್ಕ ಹ್ಯಾಂಗ ಗೊತ್ತಾಗಬೇಕ್ರಿ?"

"ಏನು ಗೊತ್ತಾಗಬೇಕು?"

"ಹರಿಕಂತ್ರ ಅಂಕಲ್ ಮುಂಜಾನಿ ಮುಳುಗಿದ್ರು ಅಂತ."

ಇಪ್ಪತ್ತಮೂರು ಪುಟಗಳು ಆ ಒಂದು ವಾಕ್ಯದಲ್ಲಿ ಮುಗಿದುಹೋದವು.

ಬೆಳಗಿನ ಡೈವ್‌ನ ಸಾರಜನಕ ಮಧ್ಯಾಹ್ನದ ಹೊತ್ತಿಗೂ ದೇಹದಲ್ಲಿ ಉಳಿದಿರುತ್ತದೆ. ಅದನ್ನು ನೆನಪಿಟ್ಟುಕೊಂಡು ಎರಡನೆಯ ಡೈವ್‌ಗೆ ಹೆಚ್ಚು ನಿಲ್ಲಿಸುವುದೇ ಯಂತ್ರದ ಕೆಲಸ. ಕರಗಿದ ಲೆಕ್ಕದ ಯಂತ್ರಕ್ಕೆ ಚಾರ್ಜ್ ಬೇಡವಾದ್ದರಿಂದ ಅದು ಇಡೀ ದಿನ ಎಡಗೈಯಲ್ಲೇ ಇರುತ್ತಿತ್ತು, ಅದಕ್ಕೆ ಎಲ್ಲ ನೆನಪಿತ್ತು. ಗುಳ್ಳೆಯ ಲೆಕ್ಕದ ಯಂತ್ರವನ್ನು ಮಾತ್ರ ನಾವು ಟಾರ್ಚಿನಂತೆ ಮಧ್ಯಾಹ್ನ ಬದಲಾಯಿಸುತ್ತಿದ್ದೆವು. ಎರಡನೆಯ ಯಂತ್ರದ ಪ್ರಕಾರ ಹರಿಕಂತ್ರ ಬೆಳಿಗ್ಗೆಯಿಂದ ಮನೆಯಲ್ಲಿ ಮಲಗಿದ್ದು, ಈಗಷ್ಟೇ ಎದ್ದು ಬಂದವನು. ಎರಡು ತಿಂಗಳು ನಾನು ಹೋಲಿಸಿದ್ದು ಎರಡು ಲೆಕ್ಕಗಳನ್ನಲ್ಲ. ದಣಿದ ಮನುಷ್ಯ ಮತ್ತು ನಿದ್ದೆ ಮಾಡಿ ಎದ್ದ ಮನುಷ್ಯ, ಇವರಿಬ್ಬರನ್ನು. ಆಗೆಲ್ಲ ಎಡಗೈಯ ಯಂತ್ರ ಆತನನ್ನು ಕಾಯುತ್ತಿತ್ತು. ಅದನ್ನೂ ನಾನೇ ಬಿಚ್ಚಿಸಿದ್ದೆ.

ಆಕ್ಸಿಜನ್ ಪೆಟ್ಟಿಗೆ ತಂದೆ. ಹರಿಕಂತ್ರ ಮಾಸ್ಕನ್ನು ಕೈಯಿಂದ ಸರಿಸಿದ.

"ಇದು ಹಾಕಿದ್ರೆ ಪುಸ್ತಕದಲ್ಲಿ ಬರೀಬೇಕು."

"ಹೌದು, ಬರೀಬೇಕು."

"ಬರೆದ್ರೆ ಬೆಂಡ್ಸ್ ಅಂತಾರೆ. ನನ್ನ ಫಿಟ್ನೆಸ್ ಹೋಯ್ತು. ಆಮೇಲೆ ನಾ ನಾಗಪುರದಲ್ಲಿ ಏನು ಮಾಡುದು ಸಾಹೇಬ್ರೆ? ಇಲ್ಲಿ ಬಲೆ ಬೀಸುಕೆ ಸಮುದ್ರ ಅದೆಯಾ? ಮುಳುಗುದು ಬಿಟ್ರೆ ನಂಗೆ ಬೇರೆ ಕೆಲಸ ಬರೂದಿಲ್ಲ. ಜಗ್ಗಿದೆ ಅಂತ ಬರೀರಿ. ಎರಡು ದಿನದಲ್ಲಿ ಹೋಗ್ತದೆ."

ಆತ ಹೇಳಿದ್ದು ಬೇರೆ ಭಾಷೆಯಲ್ಲಿ ನನಗೂ ಅನುಕೂಲವಾಗಿತ್ತು. ಸ್ನಾಯು ಜಗ್ಗಿದೆ ಎಂದು ಬರೆದರೆ ಆತನ ಪ್ರಮಾಣಪತ್ರ ಉಳಿಯುತ್ತಿತ್ತು, ನನ್ನ ವರದಿಯೂ ಉಳಿಯುತ್ತಿತ್ತು. ಗುಳ್ಳೆಗಳು ರಕ್ತ ತಡೆದು ಭುಜದ ಮೂಳೆ ಒಳಗೊಳಗೇ ಸಾಯಬಹುದಿತ್ತು, ಅಷ್ಟೇ. ಆ ಆಲೋಚನೆ ನನಗೆ ಬರಲೇ ಇಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಬಂದಿತ್ತು, ಮಾಸ್ಕಿನ ಪಟ್ಟಿ ಬಿಡಿಸುವಷ್ಟು ಹೊತ್ತು.

"ಬರೀತೇನಿ," ಎಂದೆ. "ಮುಂಜಾನಿ ಒಂದು ಯಂತ್ರ, ಮಧ್ಯಾಹ್ನ ಒಂದು ಯಂತ್ರ ಕೊಟ್ಟವ ನಾನು ಅಂತನೂ ಬರೀತೇನಿ. ನಿನ್ನದೇನೂ ತಪ್ಪಿಲ್ಲ ಅಂತ ಕೆಳಗ ಸಹಿ ಮಾಡ್ತೇನಿ. ಮಾಸ್ಕ್ ಹಾಕ್ಕೋ."

"ಸಹಿ ಮಾಡಿದ್ರೆ ಭುಜ ಸರಿ ಆಗ್ತದ್ಯಾ?"

"ಇಲ್ಲ. ಆಕ್ಸಿಜನ್ನಿನಿಂದ ಆಗಬಹುದು. ಹಾಕ್ಕೋ ಅಂದೆ."

ಹಾಕಿಕೊಂಡ. ಅರ್ಧ ಗಂಟೆಯಲ್ಲಿ ನೋವು ಇಳಿಯಿತು, ಪೂರ್ತಿ ಹೋಗಲಿಲ್ಲ. ಆಕ್ಸಿಜನ್ನಿಗೆ ಇಳಿಯುವ ನೋವು ಏಣಿಯದ್ದಲ್ಲ ಎಂಬುದು ಆತನಿಗೂ ಗೊತ್ತಿತ್ತು. ಆಮೇಲೆ ವಾದ ಮಾಡಲಿಲ್ಲ. ಬೆಂಡ್ಸ್‌ಗೆ ನಿಜವಾದ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ ಮಲಗಿಸುವುದು. ಡೈವರ್‌ಗಳಿಗೆಂದೇ ಇರುವ ಕೋಣೆಗಳು ಸಮುದ್ರ ತೀರದಲ್ಲಿವೆ. ವಿಮಾನ ಹತ್ತಿಸುವಂತಿಲ್ಲ, ಮೇಲೆ ಹೋದಷ್ಟೂ ಗುಳ್ಳೆ ಹಿಗ್ಗುತ್ತದೆ. ಮಾಸ್ಕ್ ತೆಗೆಯದೆ ಜೀಪಿನಲ್ಲೇ ನಾಗಪುರಕ್ಕೆ ಹೊರಟೆವು. ಸಕ್ಕರೆ ಕಾಯಿಲೆಯವರ ಮಾಯದ ಗಾಯಗಳಿಗೆ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಒಂದು ಕ್ಲಿನಿಕ್ ಧರಮಪೇಠದಲ್ಲಿದೆ ಎಂದು ರಶ್ಮಿ ದಾರಿಯಲ್ಲೇ ಫೋನ್ ಮಾಡಿ ಹುಡುಕಿದಳು. ನನ್ನ ಮನೆಯಿಂದ ಎರಡು ಗಲ್ಲಿ ಆಚೆ. ಅಷ್ಟು ವರ್ಷ ಅದರ ಮುಂದೆಯೇ ಹಾದು ತರಕಾರಿ ತಂದಿದ್ದೆ, ಬೋರ್ಡು ಓದಿರಲಿಲ್ಲ.

ಅಲ್ಲಿನ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಇದುವರೆಗೆ ಒಬ್ಬ ಡೈವರನ್ನೂ ನೋಡಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ, ನಾನು ಕೊಟ್ಟ ನಂಬರಿಗೆ ಫೋನ್ ಮಾಡಿ ತೀರದ ಒಬ್ಬ ಡೈವಿಂಗ್ ವೈದ್ಯರನ್ನು ಹಿಡಿದರು. ನಂತರ ನನ್ನ ಕಡೆ ತಿರುಗಿ, "ಮಶೀನ್ ಕಾಯ ಮ್ಹಣತೇ?" ಎಂದರು. ಯಂತ್ರ ಏನು ಹೇಳುತ್ತದೆ?

ಯಂತ್ರ ಹೇಳುವುದನ್ನು ಬಿಡಿ ಎಂದೆ. ಬೆಳಿಗ್ಗೆ ಎಷ್ಟು ಆಳ, ಎಷ್ಟು ಹೊತ್ತು, ಮಧ್ಯಾಹ್ನ ಎಷ್ಟು, ನಡುವೆ ಎಷ್ಟು ಅಂತರ, ಎಷ್ಟು ನಿಲುಗಡೆ ಎಲ್ಲವನ್ನೂ ದಡದಲ್ಲಿ ಬರೆದಿಟ್ಟುಕೊಂಡಿದ್ದ ಸ್ಲೇಟಿನಿಂದ ಓದಿ ಹೇಳಿದೆ. ಫೋನಿನ ಆ ತುದಿಯ ವೈದ್ಯರು ಎರಡನೆಯ ಸಲ ಕೇಳಿಸಿಕೊಂಡು, ಇಷ್ಟಕ್ಕೆ ಐದು ನಿಮಿಷ ನಿಲ್ಲಿಸಿದ ಬುದ್ಧಿವಂತರು ಯಾರು ಎಂದು ವಿಚಾರಿಸಿದರು. ನಾನೇ ಎಂದೆ. ಅವರು ನೇರವಾಗಿ ಚಿಕಿತ್ಸೆಯ ಕ್ರಮ ಹೇಳತೊಡಗಿದರು.

ಹರಿಕಂತ್ರ ಗಾಜಿನ ಕೊಳವೆಯಂತಿದ್ದ ಒತ್ತಡದ ಕೋಣೆಯೊಳಗೆ ಮಲಗಿದ. ಹೊರಗೆ ಬೆಂಚಿನ ಮೇಲೆ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಇಬ್ಬರು ಹಿರಿಯರು ತಮ್ಮ ಸರದಿ ಕಾಯುತ್ತಿದ್ದರು. ಒಬ್ಬರು ಅವನನ್ನು ಬಹಳ ಹೊತ್ತು ನೋಡಿ, "ಇತನೀ ಕಮ್ ಉಮರ್! ಶುಗರ್ ಕಿತನೀ ಹೈ ಇನಕೀ?" ಎಂದು, ಇಷ್ಟು ಚಿಕ್ಕ ವಯಸ್ಸಿಗೇ ಸಕ್ಕರೆ ಎಷ್ಟಿದೆ ಎಂದು ನನ್ನನ್ನು ಕೇಳಿದರು. ಸಕ್ಕರೆ ಇಲ್ಲ, ನೀರು ಎಂದೆ. ಅವರಿಗೆ ಅದು ಇನ್ನೂ ಕೆಟ್ಟ ಕಾಯಿಲೆಯಾಗಿ ಕಂಡಿರಬೇಕು, ಸ್ವಲ್ಪ ದೂರ ಸರಿದು ಕೂತರು. ಮೂರು ದಿನದಲ್ಲಿ ಮೂರು ಸಲ ಮಲಗಿಸಿದರು. ಮೂರನೆಯ ಸಲದ ನಂತರ ಹರಿಕಂತ್ರ ಬಲಗೈಯಲ್ಲಿ ತಲೆ ಬಾಚಿಕೊಂಡ. ಆದರೆ ನೋವು ಹೋಗುವುದು ಬೇರೆ, ಮತ್ತೆ ಮುಳುಗಲು ಅನುಮತಿ ಸಿಗುವುದು ಬೇರೆ. ಆರು ವಾರ ಬಿಟ್ಟು ತೀರದ ವೈದ್ಯರ ಮುಂದೆ ಹಾಜರಾಗಬೇಕು, ಅವರು ಹೇಳಿದ್ದೇ ಕೊನೆ ಎಂದಾಯಿತು.

ನಾನು ವಾಂಖೆಡೆ ಸಾಹೇಬರ ಮುಂದೆ ನಿಂತೆ. ಅವರು ಪೂರ್ತಿ ಕೇಳಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ; ಆ ವರದಿಯ ಮೇಲೆ ಅವರ ಸಹಿಯೂ ಇತ್ತು.

"ಕಿತನೀ ಕಾಪೀ ಭೇಜೀ ಥೀ?"

"ಗ್ಯಾರಹ್, ಸರ್."

"ಗ್ಯಾರಹ್ ವಾಪಸ್ ಲಾವೋ. ಖುದ್ ಜಾಕೇ."

ಹನ್ನೊಂದು ಕಚೇರಿಗಳಿಗೆ ನಾನೇ ಸ್ಕೂಟರ್ ಮೇಲೆ ಹೋಗಿ, ನನ್ನ ವರದಿ ತಪ್ಪು, ದಯವಿಟ್ಟು ವಾಪಸ್ ಕೊಡಿ ಎಂದು ಕೇಳಿ ಪಡೆದೆ. ಒಂಬತ್ತು ಕಡೆ ಅದರ ಲಕೋಟೆಯನ್ನೇ ಒಡೆದಿರಲಿಲ್ಲ. ಹತ್ತನೆಯದು ಒಂದು ಕೂಲರಿನ ಕಾಲಿನ ಕೆಳಗೆ ಸಿಕ್ಕಿತು. ಹನ್ನೊಂದನೆಯದನ್ನು ಒಬ್ಬರು ಓದಿದ್ದರು. ಭಾಷೆ ಚೆನ್ನಾಗಿದೆ ಎಂದರು. ಯಾರೂ ನಂಬಿ ನಡೆದುಕೊಂಡಿರಲಿಲ್ಲ, ನಮ್ಮ ತಂಡವೊಂದನ್ನು ಬಿಟ್ಟು. ಸರ್ಕಾರಿ ಕಚೇರಿಗಳ ನಿಧಾನದ ಬಗ್ಗೆ ಆ ದಿನದಿಂದ ನಾನು ಹಗುರವಾಗಿ ಮಾತಾಡಿಲ್ಲ.

ಹೋಲಿಕೆಯನ್ನು ಮತ್ತೆ ಮಾಡಿದೆವು. ಈ ಸಲ ಸಮಿತಿಯಲ್ಲಿ ರಶ್ಮಿಯೂ ಇದ್ದಳು, ಆದ್ದರಿಂದ ಭಿನ್ನಾಭಿಪ್ರಾಯಗಳೂ ಇದ್ದವು. ಮೂರೂ ಯಂತ್ರಗಳನ್ನು ಪಾತ್ರೆಯೊಳಗೆ ಒಟ್ಟಿಗೆ ಹಾಕಿ, ಒಂದು ಡೈವ್ ಮುಗಿಸಿ, ಅವುಗಳನ್ನು ಮುಟ್ಟದೆ ಊಟ ಮಾಡಿ ಬಂದು, ಎರಡನೆಯ ಡೈವ್ ಮಾಡಿದೆವು. "ಚಾರ್ಜ್ ಸಂಪಿದರ ಸಂಪಲಿ ಸರ, ಕೈ ಹಚ್ಚಬ್ಯಾಡ್ರಿ," ಎಂದು ಹೇಳಿ, ಚಾರ್ಜ್ ಮುಗಿದರೂ ಯಾರೂ ಮುಟ್ಟದಂತೆ ರಶ್ಮಿ ಪಾತ್ರೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎರಡನೆಯ ಡೈವ್‌ನಲ್ಲಿ ಗುಳ್ಳೆಯ ಲೆಕ್ಕ ಕರಗಿದ ಲೆಕ್ಕಕ್ಕಿಂತ ಎರಡು ನಿಮಿಷ ಹೆಚ್ಚೇ ನಿಲ್ಲಿಸಿತು. ನನ್ನ ವರದಿ ಹೇಳಿದ್ದಕ್ಕೆ ಸರಿಯಾಗಿ ತಿರುಗುಮುರುಗು. ಮತ್ತೆ ಮತ್ತೆ ಮಾಡಿದರೂ ಅಷ್ಟೇ.

ಹಾಗಾಗಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ನಾವು ಇಳಿಯುವ ಆಳಗಳಲ್ಲಿ ಎರಡೂ ನಡೆಯುತ್ತವೆ. ಬಹಳ ಆಳದ ನಿಲುಗಡೆಗಳ ಮೇಲೆ ಹಿಂದೆ ಇದ್ದಷ್ಟು ನಂಬಿಕೆ ಈಗ ತಿಳಿದವರಲ್ಲಿ ಉಳಿದಿಲ್ಲ, ಅಲ್ಲಿ ಕರಗಿದ ಲೆಕ್ಕದ ಕಡೆಗೇ ಒಲವು ಹೆಚ್ಚು, ಅದನ್ನೂ ತಿಳಿದುಕೊಂಡಿರಿ. ಆದರೆ ಮೊದಲು ನೋಡಬೇಕಾದದ್ದು ಯಂತ್ರ ಯಾರ ಕೈಯಲ್ಲಿದೆ, ಯಾವಾಗಿನಿಂದ ಇದೆ ಎಂಬುದನ್ನು. ನಮ್ಮ ತಂಡದಲ್ಲಿ ಪ್ರತಿ ಯಂತ್ರದ ಪಟ್ಟಿಯ ಮೇಲೆ ಒಬ್ಬೊಬ್ಬರ ಹೆಸರು ಬರೆಸಿದೆವು. ಬೆಳಿಗ್ಗೆ ಕಟ್ಟಿದ್ದನ್ನು ಸಂಜೆಯವರೆಗೆ ಬಿಚ್ಚುವಂತಿಲ್ಲ. ಊಟಕ್ಕೂ, ಕೈ ತೊಳೆಯುವುದಕ್ಕೂ ಅದರೊಂದಿಗೇ. ಒಬ್ಬರ ಯಂತ್ರ ಇನ್ನೊಬ್ಬರಿಗೆ ಇಲ್ಲ. ಯಂತ್ರ ಕೆಟ್ಟರೆ ಅವನ ಆ ದಿನದ ಡೈವಿಂಗ್ ಮುಗಿಯಿತು. ಮತ್ತು ಡೈವರ್ ಭುಜ ನೋವೆಂದರೆ ಮೊದಲು ಆಕ್ಸಿಜನ್, ಆಮೇಲೆ ಯಂತ್ರ ನೋಡುವುದು. ಪಿಳ್ಳೈ ಸಾಹೇಬರ ಗೋಡೆಯ ಆಜ್ಞೆಯ ಕೆಳಗೆ 'ಟಾರ್ಚಿಗೆ ಮಾತ್ರ' ಎಂದು ಸೇರಿಸಿದೆವು. ಎರಡನೆಯ ವರದಿ ನಾಲ್ಕು ಪುಟ. ಅದರ ಭಾಷೆ ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ.

ಆರು ವಾರ ಮುಗಿದ ಮೇಲೆ ಹರಿಕಂತ್ರನ ಜೊತೆ ನಾನೂ ರೈಲು ಹತ್ತಿದೆ. ದಾರಿಯುದ್ದಕ್ಕೂ ಆತ ಕಿಟಕಿಯ ಸರಳು ಹಿಡಿದು ಬಲಗೈಯನ್ನು ಎತ್ತುವುದು ಇಳಿಸುವುದು ಮಾಡುತ್ತಿದ್ದ. ವೈದ್ಯರ ಕೊಠಡಿಯ ಹೊರಗೆ ಕೂತಾಗ ಕೇಳಿದ:

"ಇಲ್ಲ ಅಂದ್ರೆ ಏನು ಮಾಡುದು ಸಾಹೇಬ್ರೆ?"

"ದಂಡಿ ಮ್ಯಾಲೆ ನನ್ನ ಕುರ್ಚಿ ಐತಿ. ಅದರಾಗ ಕೂಡು."

"ನೀವು ಎಲ್ಲಿ ಕೂರುದು?"

"ನಾ ಮಾಡಿದ ಕೆಲಸಕ್ಕ ನಿಂದರೋದೇ ಬರೋಬರ್."

ಆತ ಬಲಗೈಯನ್ನು ಮತ್ತೊಮ್ಮೆ ಎತ್ತಿ ಇಳಿಸಿದ. ಒಳಗೆ ಕರೆದರು. ಭುಜದ ಎಕ್ಸ್‌ರೇ ಚಿತ್ರಗಳನ್ನು ದೀಪದ ಮುಂದೆ ಹಿಡಿದು ನೋಡಿದರು, ಕೈ ಎತ್ತಿಸಿದರು, ತಿರುಗಿಸಿದರು, ಕಣ್ಣು ಮುಚ್ಚಿ ನಡೆಸಿದರು. ಹಿಂದೆ ಫೋನಿನಲ್ಲಿ ನನ್ನ ಬುದ್ಧಿವಂತಿಕೆಯನ್ನು ವಿಚಾರಿಸಿದ್ದ ವೈದ್ಯರೇ ಅವರು. ನಾನು ಸಹಿ ಮಾಡಿದ ಹಾಳೆಯನ್ನು ಎರಡು ಸಲ ಓದಿದರು. ಸಂಜೆಯವರೆಗೆ ಕಾಯಲು ಹೇಳಿದರು.

ಈಶ್ವರ ಹರಿಕಂತ್ರನಿಗೆ ಮೂವತ್ತು ಮೀಟರ್ ಆಳದವರೆಗೆ, ದಿನಕ್ಕೆ ಒಂದೇ ಡೈವ್ ಎಂಬ ಷರತ್ತಿನ ಮೇಲೆ ಪ್ರಮಾಣಪತ್ರ ಕೊಡಲಾಯಿತು. ಆತ ಈಗಲೂ ಕೆಲಸದಲ್ಲಿದ್ದಾನೆ.